ಹಲ್ಲೇಗೆರೆಯ ಮೊಮ್ಮಗನಿಗೆ 51 ಮತ

16 ಡಿಸೆಂಬರ್ 2014, ಮಂಗಳವಾರ
ಮಂಡ್ಯ, ಬೆಳಿಗ್ಗೆ 8.30

ಇವತ್ತಿನಿಂದ ಧನುರ್ಮಾಸ. ಕತ್ತಲಿರುವಾಗಲೇ ದೇವಸ್ಥಾನಕ್ಕೆ ಹೋಗಿದ್ದ ಮಾವ ದೊನ್ನೆ ತುಂಬ ಹುಗ್ಗಿಯ ಜೊತೆಗೆ ಸುದ್ದಿಯನ್ನೂ ತಂದರು: "ನಮ್ಮ ಹಲ್ಲೇಗೆರೆ ಹುಡುಗ ಅಮೆರಿಕದಲ್ಲಿ ಗೆದ್ದನಂತೆ." ಕೂತವರೇ ಪತ್ರಿಕೆಯನ್ನು ಎರಡು ಸಲ ಮಗುಚಿ ಹಾಕಿದರು. ಏನೂ ಇಲ್ಲ. ಅಲ್ಲಿ ಸೋಮವಾರ ಸಂಜೆಯ ಮತದಾನ ಎಂದರೆ ನಮಗೆ ಬೆಳಗಿನ ಜಾವ. ಅಷ್ಟರಲ್ಲಿ ಪತ್ರಿಕೆ ಅಚ್ಚಾಗಿ ಊರಿಗೆ ಹೊರಟಿತ್ತು. ಮೊಬೈಲ್ ತೆಗೆದೆ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಪ್ರಮುಖ ಆರೋಗ್ಯ ಸಲಹೆಗಾರ, ಆಗುವುದಕ್ಕೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಿದೆ: ಪರ 51, ವಿರೋಧ 43.

ಹುಡುಗ ಎಂದರೂ ವಯಸ್ಸು 37. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಮಯಾಮಿಯಲ್ಲಿ. ಹಲ್ಲೇಗೆರೆ ತಂದೆಯ ಊರು. ಮಾವನಿಗೆ ಅಷ್ಟು ಸಾಕು.

"ಹೋದ ವರ್ಷವೇ ಒಬಾಮ ಮಾಡಿದರಲ್ಲ, ಮತ್ತೆ ಈಗ ಗೆದ್ದದ್ದೇನು?" ಎಂದರು. ಮಾಡಿರಲಿಲ್ಲ, ಹೆಸರು ಸೂಚಿಸಿದ್ದರು ಅಷ್ಟೆ. ದೆಹಲಿಯಲ್ಲಿ ಒಬ್ಬ ಕಾರ್ಯದರ್ಶಿಯನ್ನು ನೇಮಿಸಲು ರಾಜ್ಯಸಭೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಅಧ್ಯಕ್ಷರು ಸೂಚಿಸಿದ ಹೆಸರನ್ನು ಸೆನೆಟ್ ಒಪ್ಪಲೇಬೇಕು. ಮೂರ್ತಿಯವರ ಹೆಸರು ಹೋದದ್ದು 2013ರ ನವೆಂಬರಿನಲ್ಲಿ. ಹದಿಮೂರು ತಿಂಗಳು ಅಲ್ಲೇ ಕೂತಿತ್ತು.

ಕಾರಣ ಒಂದು ಟ್ವೀಟ್. ಬಂದೂಕು ಕೂಡ ಆರೋಗ್ಯದ ವಿಷಯ ಎಂದು 2012ರಲ್ಲಿ ಬರೆದಿದ್ದರು. ಬಂದೂಕು ಹಕ್ಕಿನ ಪರ ನಿಲ್ಲುವ ನ್ಯಾಷನಲ್ ರೈಫಲ್ ಅಸೋಸಿಯೇಷನ್ ತಿರುಗಿಬಿತ್ತು. ಈ ವರ್ಷ ಸೆನೆಟ್ ಚುನಾವಣೆ ಬೇರೆ. ಒಬಾಮರ ಡೆಮಾಕ್ರಟಿಕ್ ಪಕ್ಷದ ಕೆಲವರೇ ಹಿಂದೆ ಸರಿದರು. ಸರ್ಜನ್ ಜನರಲ್‌ಗೆ ಒಂದು ಬಂದೂಕಿನ ಪರವಾನಗಿ ರದ್ದು ಮಾಡುವ ಅಧಿಕಾರವೂ ಇಲ್ಲ! ಸಿಗರೇಟು ಬಿಡಿ, ಲಸಿಕೆ ಹಾಕಿಸಿಕೊಳ್ಳಿ ಎಂದು ದೇಶಕ್ಕೆ ಬುದ್ಧಿ ಹೇಳುವ ವೈದ್ಯ ಅವರು. ಈ ಶರತ್ಕಾಲದಲ್ಲಿ ಡಲ್ಲಾಸ್‌ಗೆ ಎಬೋಲಾ ಬಂದಾಗ ಆ ಕುರ್ಚಿಯಲ್ಲಿ ಇದ್ದವರು ಹಂಗಾಮಿ.

ನನಗೆ ರುಚಿಸಿದ ಭಾಗ ಕೊನೆಯದು. ಜನವರಿಯಲ್ಲಿ ಸೆನೆಟ್ ಎದುರು ಪಕ್ಷವಾದ ರಿಪಬ್ಲಿಕನ್ನರ ಕೈಗೆ ಹೋಗುತ್ತದೆ. ಆಮೇಲೆ ಈ ಹೆಸರು ಕಸದ ಬುಟ್ಟಿಗೇ. ಮೊನ್ನೆ ಶುಕ್ರವಾರ ರಾತ್ರಿ ಎರಡೂ ಪಕ್ಷದ ನಾಯಕರು ವಾರಾಂತ್ಯದ ರಜೆಗೆ ಒಪ್ಪಿದ್ದರು. ರಿಪಬ್ಲಿಕನ್ನರೇ ಆದ ಟೆಡ್ ಕ್ರೂಜ್ ಮತ್ತು ಮೈಕ್ ಲೀ ಅಡ್ಡ ಬಂದರು: ಒಬಾಮರ ವಲಸೆ ಆದೇಶದ ಮೇಲೆ ಮತ ಆಗಲೇಬೇಕು, ರಜೆ ಬೇಡ. ಹಾಗಿದ್ದರೆ ಸರಿ ಎಂದು ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್ ಶನಿವಾರವೂ ಸದನ ನಡೆಸಿ, ಕೊಳೆಯುತ್ತಿದ್ದ ನಾಮನಿರ್ದೇಶನಗಳನ್ನೆಲ್ಲ ಮತದ ಸಾಲಿಗೆ ಹಚ್ಚಿಬಿಟ್ಟರು. ತಡೆಯಲು ಹೊರಟವರೇ ಬಾಗಿಲು ತೆರೆದು ಕೊಟ್ಟಂತಾಯಿತು.

ಇನ್ನೊಂದು ಅದೃಷ್ಟ. ಮೊದಲು ಇಂಥ ನೇಮಕವನ್ನು ಯಾರಾದರೂ ಪಟ್ಟು ಹಿಡಿದು ತಡೆದರೆ, ಅದನ್ನು ಮುರಿಯಲು 60 ಮತ ಬೇಕಿತ್ತು. ಹೋದ ವರ್ಷದ ನವೆಂಬರಿನಲ್ಲಿ ನಿಯಮ ಬದಲಿಸಿ ಸರಳ ಬಹುಮತ ಸಾಕು ಎಂದರು. ಹಳೆಯ ಲೆಕ್ಕವಾಗಿದ್ದರೆ 51 ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಹುಗ್ಗಿ ತಣ್ಣಗಾಗಿ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ಮಾವ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು.

"ಒಟ್ಟು ಎಷ್ಟು ಜನರಪ್ಪ ಅಲ್ಲಿ?"

"ನೂರು."

"ಐವತ್ತೊಂದು, ನಲವತ್ಮೂರು, ತೊಂಬತ್ನಾಲ್ಕಾಯಿತು. ಉಳಿದ ಆರು?"

"ಮತ ಹಾಕಿಲ್ಲ ಮಾವ."

"ನಮ್ಮ ಪಂಚಾಯಿತಿ ಸಭೆಯ ಹಾಗೇ ಅನ್ನು," ಎಂದು ದೊನ್ನೆ ಎತ್ತಿಕೊಂಡರು.