ಪಡುಕೆರೆಯಲ್ಲಿ ಚಂದ್ರನಾಗಿ ಓಡಿದ ಸಂಜೆ

16 ದಿನ ಸರ್ ಅಂಗಡಿ ಕಡೆ ಬಂದಿರಲಿಲ್ಲ. ನಾನು ಲೆಕ್ಕ ಇಟ್ಟಿದ್ದೆ.

ಉಡುಪಿಯ ಅಜ್ಜರಕಾಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಸರ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಎರಡು ವರ್ಷದ ಹಿಂದೆ ಯಾವುದೋ ಹಳೇ ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿಸಲು ಬಂದಿದ್ದರು. "ಇದರಲ್ಲಿ ಎಂಥ ಉಂಟು ಸರ್?" ಎಂದು ಸುಮ್ನೆ ಕೇಳಿದೆ. ಅವರು ಸ್ಟೂಲ್ ಎಳೆದು ಕೂತೇಬಿಟ್ಟರು. ಅಲ್ಲಿಂದ ಮುಂದೆ ದಿನಾ ಸಂಜೆ ಭುಜಂಗ ಪಾರ್ಕಿನಲ್ಲಿ ಅವರ ವಾಕಿಂಗ್, ಆಮೇಲೆ ನನ್ನ ಅಂಗಡಿಯ ಸ್ಟೂಲ್. ನಾನು ಬಿ.ಕಾಂ. ಓದಿದವನು. ವಿಟ್‌ಗೆನ್‌ಸ್ಟೈನ್ ಎಂಬ ತತ್ವಜ್ಞಾನಿಯ ಹೆಸರು ಕೇಳಿದ್ದೇ ಅವರ ಬಾಯಿಂದ.

ಒಂದು ದಿನ ಪೇಪರಿನಲ್ಲಿ ಠೇವಣಿ ಮೋಸದ ಸುದ್ದಿಯೊಂದು ಬಂದಿತ್ತು. "ಹೊರಗಿನವರದೇ ಕೆಲಸ ಸರ್. ನಮ್ಮ ಊರಿನ ಜನ ಅಂಥವರಲ್ಲ" ಎಂದೆ. ಸರ್ ಕನ್ನಡಕ ತೆಗೆದರು. "ನಮ್ಮ ಊರಿನ ಜನ ಅಂದ್ರೆ ಯಾರು ಮಾರಾಯ? ಎಷ್ಟು ಜನರನ್ನು ನೋಡಿದ್ದೀ ನೀನು? ಎರಡು ವರ್ಷ ಇಲ್ಲಿ ಕೂತು ನಾವು ಮಾತಾಡಿದ್ದು ಎಂಥ ಹಾಗಾದ್ರೆ?" ಉತ್ತರಕ್ಕೂ ಕಾಯದೆ ಎದ್ದು ಹೋದರು. ಎಲ್ಲರೂ ಆಡುವ ಮಾತು ಅದು. ಅದಕ್ಕೆ ಇಷ್ಟು ಸಿಟ್ಟಾ ಅಂತ ನನಗೂ ಬೇಜಾರಾಯಿತು.

17ನೇ ದಿನ ಭಾನುವಾರ. ಫೋನ್ ಬಂತು. "ಪಡುಕೆರೆಗೆ ಹೋಗುವ. ಮೊಮ್ಮಗಳೂ ಇದ್ದಾಳೆ. ರಿಕ್ಷಾದಲ್ಲಿ ಬರ್ತೇವೆ, ರೆಡಿ ಇರು."

ಅಲ್ಲಿ ಮರಳಿಗೆ ಎಳೆದಿಟ್ಟ ಒಂದು ದೋಣಿಯ ನೆರಳಿನಲ್ಲಿ ಕೂತೆವು. ಹುಡುಗಿ ಚಿಪ್ಪು ಹೆಕ್ಕಲು ಓಡಿದಳು. ಸರ್ ಸಿಟ್ಟಿನ ಸುದ್ದಿ ಎತ್ತಲೇ ಇಲ್ಲ. ನೇರ 1939ಕ್ಕೆ ಹೋದರು.

ನಾರ್ಮನ್ ಮಾಲ್ಕಮ್ ಅಮೆರಿಕದಿಂದ ಕೇಂಬ್ರಿಜ್‌ಗೆ ಓದಲು ಬಂದವರು. ಆಗ ಅವರಿಗೆ 28, ಅಲ್ಲಿ ಪಾಠ ಮಾಡುತ್ತಿದ್ದ ವಿಟ್‌ಗೆನ್‌ಸ್ಟೈನ್‌ಗೆ 50. ಪಾಠಕ್ಕೆ ಮೊದಲು ಇಬ್ಬರೂ ಒಟ್ಟಿಗೆ ನಡೆಯುವುದು ರೂಢಿ. ಒಂದು ದಿನ ನದಿ ದಂಡೆಯಲ್ಲಿ ಹೋಗುವಾಗ ಪೇಪರ್ ಮಾರುವವನ ಬೋರ್ಡು ಕಂಡಿತು. ಹಿಟ್ಲರನನ್ನು ಬಾಂಬಿಟ್ಟು ಕೊಲ್ಲಲು ನೋಡಿದ್ದು ಬ್ರಿಟಿಷರೇ ಅಂತ ಜರ್ಮನಿ ಹೇಳುತ್ತಿದೆ ಎಂದು ಅದರಲ್ಲಿತ್ತು. ಇದು ನಿಜವಿದ್ದರೂ ನನಗೆ ಆಶ್ಚರ್ಯವಿಲ್ಲ ಎಂದರು ವಿಟ್‌ಗೆನ್‌ಸ್ಟೈನ್. ಅಂಥ ಕೆಲಸ ಬ್ರಿಟಿಷರ ಗುಣಕ್ಕೇ ಹೊಂದುವುದಿಲ್ಲ ಎಂದರು ಮಾಲ್ಕಮ್. ಅಷ್ಟೇ. ವಿಟ್‌ಗೆನ್‌ಸ್ಟೈನ್ ಕೆಂಡವಾದರು. ಒಟ್ಟಿಗೆ ನಡೆಯುವುದೇ ನಿಂತಿತು.

ನನ್ನ ಕಿವಿ ಬಿಸಿಯಾಯಿತು. "ನಿಜವಾಗಿ ಬಾಂಬ್ ಇಟ್ಟದ್ದು ಯಾರು ಸರ್?"

"ಜಾರ್ಜ್ ಎಲ್ಸರ್. ಜರ್ಮನಿಯದೇ ಒಬ್ಬ ಬಡಗಿ. ಒಬ್ಬನೇ ಮಾಡಿದ್ದು."

"ಹಾಗಾದ್ರೆ ಮಾಲ್ಕಮ್ ಹೇಳಿದ್ದೇ ಸರಿಯಾಯ್ತಲ್ಲ?"

ಸರ್ ಕೋಲಿನ ತುದಿಯಿಂದ ಮರಳು ಕೆದಕಿದರು. "ಕಣ್ಣು ಮುಚ್ಚಿ ಹೊಡೆದ ಕಲ್ಲು ಮಾವಿಗೆ ತಾಗಿತು. ಅದಕ್ಕೆ ಗುರಿ ಅಂತಾರಾ?"

1944ರಲ್ಲಿ ವಿಟ್‌ಗೆನ್‌ಸ್ಟೈನ್ ಮಾಲ್ಕಮ್‌ಗೆ ಒಂದು ಪತ್ರ ಬರೆದರು. ಐದು ವರ್ಷವಾದರೂ ಆ ಮಾತು ಅವರ ಮನಸ್ಸಿನಿಂದ ಹೋಗಿರಲಿಲ್ಲ. ತರ್ಕದ ಕಷ್ಟದ ಪ್ರಶ್ನೆಗಳ ಬಗ್ಗೆ ಚೆನ್ನಾಗಿ ಮಾತಾಡಲು ಬಂದರೆ ಸಾಕಾ, ದಿನದ ಬದುಕಿನ ಮುಖ್ಯ ವಿಷಯಗಳಲ್ಲಿ ಯೋಚನೆ ಸುಧಾರಿಸದಿದ್ದರೆ ತತ್ವಶಾಸ್ತ್ರ ಓದಿ ಏನು ಪ್ರಯೋಜನ ಎಂದು ಅದರಲ್ಲಿ ಕೇಳಿದ್ದರು. ಮಾಲ್ಕಮ್ ಬದಲು ಬೇರೆ ಯಾರೋ ಆಡಿದ್ದರೆ ಆ ಮಾತನ್ನು ಅವರು ಆವತ್ತೇ ಮರೆತುಬಿಡುತ್ತಿದ್ದರು, ಅಲ್ವಾ? ಸರ್ 16 ದಿನ ಯಾಕೆ ಬರಲಿಲ್ಲ ಅಂತ ನನಗೆ ಆಗ ಅರ್ಥವಾಯಿತು. ಬೇಜಾರೆಲ್ಲ ಇಳಿದುಹೋಯಿತು.

ಸರ್ ಸಮುದ್ರ ನೋಡುತ್ತಲೇ ಹೇಳಿದರು. "ಐದು ವರ್ಷ ಕಾಯ್ಲಿಕ್ಕೆ ನನ್ನ ಹತ್ತಿರ ಆಯಸ್ಸು ಇಲ್ಲ ಮಾರಾಯ. ಅದಕ್ಕೆ ಫೋನ್ ಮಾಡಿದೆ."

ಅಷ್ಟರಲ್ಲಿ ಹುಡುಗಿ ಓಡಿ ಬಂದಳು. ಅಂಗೈ ತುಂಬ ಚಿಪ್ಪು. "ಅಜ್ಜ, ಇನ್ನೂ ಬೆಳಕು ಉಂಟು. ಚಂದ್ರ ಯಾಕೆ ಬಂದಿದ್ದಾನೆ?" ತೆಂಗಿನ ಮರಗಳ ಮೇಲೆ ಬಿಳಿ ಚಂದ್ರ ನಿಂತಿದ್ದ.

ಸರ್ ಕೋಲೂರಿ ಎದ್ದರು. ಮುಖವೇ ಬದಲಾಗಿತ್ತು. ಯುದ್ಧ ಮುಗಿದ ಮೇಲೆ, 1946ರಲ್ಲಿ ಮಾಲ್ಕಮ್ ಹೆಂಡತಿ ಲೀ ಜೊತೆ ಮತ್ತೆ ಕೇಂಬ್ರಿಜ್‌ಗೆ ಬಂದಿದ್ದರಂತೆ. ಊಟವಾದ ಮೇಲೆ ಒಂದು ದಿನ ಮೂವರೂ ಹುಲ್ಲು ಮೈದಾನದಲ್ಲಿ ಸೂರ್ಯ, ಭೂಮಿ, ಚಂದ್ರ ಆದರಂತೆ. ಲೀ ಸೂರ್ಯ, ಒಂದೇ ವೇಗದಲ್ಲಿ ನಡೆಯಬೇಕು. ಮಾಲ್ಕಮ್ ಭೂಮಿ, ಅವಳ ಸುತ್ತ ಓಡಬೇಕು. ಎಲ್ಲಕ್ಕಿಂತ ಕಷ್ಟದ ಚಂದ್ರನ ಕೆಲಸ ವಿಟ್‌ಗೆನ್‌ಸ್ಟೈನ್ ಅವರದು. ತಲೆ ತಿರುಗುವವರೆಗೂ ಮಾಲ್ಕಮ್ ಸುತ್ತ ಓಡಿದರಂತೆ, ಇಬ್ಬರಿಗೂ ಹೀಗೆ ಮಾಡಿ ಹಾಗೆ ಮಾಡಿ ಎಂದು ಕೂಗುತ್ತ.

"ನಾನು ಸೂರ್ಯ" ಎಂದರು ಸರ್. "ನನ್ನ ಮೊಣಕಾಲಿಗೆ ಅದೇ ಸರಿ. ಪುಟ್ಟಿ ಭೂಮಿ. ಚಂದ್ರ ನೀನು."

ಚಪ್ಪಲಿ ದೋಣಿಯ ಹತ್ತಿರ ಬಿಟ್ಟೆ. ಸರ್ ಒದ್ದೆ ಮರಳಿನ ಮೇಲೆ ದಕ್ಷಿಣಕ್ಕೆ ನಡೆದರು. ಅವರ ಹೆಜ್ಜೆಯ ಪಕ್ಕದಲ್ಲೇ ಕೋಲಿನ ತೂತುಗಳ ಸಾಲು. ಹುಡುಗಿ ಅವರ ಸುತ್ತ, ನಾನು ಹುಡುಗಿಯ ಸುತ್ತ. "ಚಂದ್ರ, ಹಿಂದೆ ಬೀಳಬೇಡ! ಭೂಮಿ ನಿಲ್ಲುವುದಿಲ್ಲ!" ಸರ್ ಕೂಗುತ್ತಿದ್ದರು. ಚಂದ್ರನ ಒಂದು ಸುತ್ತು ಅಂದರೆ ಸುಮಾರು ಒಂದು ತಿಂಗಳು ಎಂದು ಹೇಳಿದ್ದೇ ತಡ, ಹುಡುಗಿ ಓಡುತ್ತಲೇ ಎಣಿಸತೊಡಗಿದಳು.

ಏಳನೇ ಸುತ್ತಿಗೆ ನನ್ನ ಉಸಿರು ಕಟ್ಟಿತು. ಮರಳಿನ ಮೇಲೆ ಕೂತುಬಿಟ್ಟೆ.

"ಮಾಮ, ವರ್ಷ ಆಗಲಿಲ್ಲ" ಎಂದಳು ಹುಡುಗಿ, ನನ್ನ ಕೈ ಜಗ್ಗುತ್ತ. "ಇನ್ನೂ ಐದು ತಿಂಗಳು ಬಾಕಿ ಉಂಟು."

ಸರ್ ನಿಂತು ಕಾಯುತ್ತಿದ್ದರು. ಎದ್ದೆ.