ಬೀಳೋ ಮುಂಚೆ ಎಲ್ಲಿಗೆ ಹೊರಟಿದ್ರಿ?

ನಾನು ಮೈಸೂರಿನಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುತ್ತೇನೆ. ಕರೆಯುವವರಲ್ಲಿ ಜಾಸ್ತಿ ಜನ 70 ದಾಟಿದವರು. ಸೊಂಟದ ಮೂಳೆ ಮುರಿದು ಆಪರೇಷನ್ ಆದವರು, ಮಣಿಕಟ್ಟು ಮುರಿದುಕೊಂಡವರು, ಏನೂ ಮುರಿಯದಿದ್ದರೂ ಹೆದರಿ ಮಂಚ ಬಿಟ್ಟು ಇಳಿಯದವರು. ಹೇಗೆ ಬಿದ್ರಿ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ಕಾಲು ಜಾರ್ತು ಕಣಮ್ಮ." ಅಲ್ಲಿಗೆ ಮಾತು ಮುಗಿಯಿತು.

ಅದಕ್ಕೇ ನಾನೀಗ ಬೇರೆ ಥರ ಕೇಳುತ್ತೇನೆ. "ಬೀಳೋ ಮುಂಚೆ ಎಲ್ಲಿಗೆ ಹೊರಟಿದ್ರಿ?" ಆಗ ಕಥೆ ಹೊರಗೆ ಬರುತ್ತದೆ. ಹಾಲಿನವನು ಬೆಲ್ ಮಾಡಿದ, ಇನ್ನೊಂದು ಸಲ ಬೆಲ್ ಮಾಡುವುದರೊಳಗೆ ಹೋಗಬೇಕಿತ್ತು. ಪೂಜೆಗೆ ದಾಸವಾಳ ಕೀಳೋಕೆ ತುದಿಗಾಲಲ್ಲಿ ನಿಂತಿದ್ದೆ. ಹಪ್ಪಳದ ಡಬ್ಬ ಅಟ್ಟದ ಮೇಲಿತ್ತು, ಪ್ಲಾಸ್ಟಿಕ್ ಸ್ಟೂಲ್ ಹತ್ತಿದೆ. ಇಷ್ಟಕ್ಕೆಲ್ಲ ಸೊಸೆಯನ್ನು ಯಾಕೆ ಕರೆಯೋದು ಅಂತ.

ಇದನ್ನೆಲ್ಲ ಕೇಳಿದ ಮಕ್ಕಳು ಹೇಳುವುದು ಒಂದೇ. "ಅಮ್ಮ, ನೀನೇನೂ ಮಾಡ್ಬೇಡ, ಸುಮ್ನೆ ಒಂದ್ಕಡೆ ಕೂತಿರು." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಇದಕ್ಕಿಂತ ಕೆಟ್ಟ ಸಲಹೆ ನಾನು ಕೇಳಿಲ್ಲ. ಕೂತೇ ಇದ್ದರೆ ತೊಡೆಯ ಶಕ್ತಿ ಇಳಿಯುತ್ತದೆ, ಭಯ ಏರುತ್ತದೆ, ಎದ್ದ ದಿನ ಮತ್ತೆ ಬೀಳುತ್ತಾರೆ. ಹೂವು ಕೀಳೋದು ಬಿಡಿಸಬೇಡಿ, ಕೊಂಬೆ ಬಗ್ಗಿಸಿ ಕೈಗೆ ಎಟುಕುವಂತೆ ಕಟ್ಟಿ. ಹಪ್ಪಳದ ಡಬ್ಬ ಎದೆಮಟ್ಟದ ಶೆಲ್ಫಿಗೆ ಇಳಿಸಿ. ಹಾಲಿಗೆ ಗೇಟಿಗೊಂದು ಚೀಲ ನೇತುಹಾಕಿ. ಕೆಲಸ ಇರಲಿ, ಅದರಲ್ಲಿರೋ ಅವಸರ ಹೋಗಲಿ.

ಬಚ್ಚಲುಮನೆಯ ವಿಷಯಕ್ಕೆ ಬರೋಣ. ಅಲ್ಲಿ ನಾನು ಏನೂ ಹೇಳುವುದಿಲ್ಲ, ಮೊದಲು ನೋಡುತ್ತೇನೆ. "ರಾತ್ರಿ ಎದ್ದು ಹೇಗೆ ಹೋಗ್ತೀರಿ, ಒಂದ್ಸಲ ತೋರಿಸಿ ಅಜ್ಜಿ" ಅನ್ನುತ್ತೇನೆ. ಒಂದು ಮನೆಯಲ್ಲಿ ಅಜ್ಜಿ ಮಂಚದಿಂದ ಎದ್ದರು, ಕುರ್ಚಿಯ ಬೆನ್ನು ಹಿಡಿದರು, ಹೊಸ್ತಿಲ ಹತ್ತಿರ ಬಾಗಿಲ ಚೌಕಟ್ಟು ಹಿಡಿದರು. ಒಳಗೆ ಹೋದವರೇ ಟವೆಲ್ ರಾಡಿಗೆ ಕೈ ಹಾಕಿದರು. ರಾಡಿನ ಒಂದು ಸ್ಕ್ರೂ ಆಗಲೇ ಗೋಡೆಯಿಂದ ಅರ್ಧ ಹೊರಗೆ ಬಂದಿತ್ತು. ಕಮೋಡಿನ ಪಕ್ಕ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಗೋಡೆಯ ಬಣ್ಣದ ಮೇಲೆ ಅಂಗೈ ಅಗಲದ ಎಣ್ಣೆಗಪ್ಪು ಕಲೆ. ದಿನಾ ಅಲ್ಲೇ ಕೈ ಊರಿ ಏಳುತ್ತಿದ್ದರು. ಮಗ ಆಗಲೇ ದುಡ್ಡು ಕೊಟ್ಟು ಒಂದು ಸ್ಟೀಲ್ ಹಿಡಿಕೆ ಹಾಕಿಸಿದ್ದರು, ಪಾಪ. ಪ್ಲಂಬರ್ ಅದನ್ನು ತನಗೆ ಡ್ರಿಲ್ ಮಾಡಲು ಅನುಕೂಲ ಆದ ಕಡೆ, ಎದುರುಗೋಡೆಗೆ ಹೊಡೆದು ಹೋಗಿದ್ದ. ಈಗ ಅದು ಕಲೆ ಇದ್ದ ಜಾಗಕ್ಕೆ ಬಂದಿದೆ. ಹಿಡಿಕೆ ಎಲ್ಲಿ ಹಾಕಬೇಕು ಅಂತ ನನ್ನನ್ನು ಕೇಳುವವರಿಗೆಲ್ಲ ಈಗ ಹೇಳುವುದು ಇಷ್ಟೇ: ಮೊದಲು ಗೋಡೆ ನೋಡಿ.

ನಮ್ಮ ಮಲೆನಾಡಿನ ಕಡೆ ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟಿದರೆ ನಡೆಯುವ ದಾರಿಗೆ ಅಡಿಕೆ ಮರ ಸೀಳಿದ ದಬ್ಬೆ ಹಾಸುತ್ತಾರೆ. ಅದೇ ಜನ ಸಿಟಿಯಲ್ಲಿ ಮನೆ ಕಟ್ಟಿಸಿದರೆ ಬಚ್ಚಲಿಗೂ ಕನ್ನಡಿಯಂಥ ಟೈಲ್ಸ್ ಹಾಕಿಸುತ್ತಾರೆ! ಅದರ ಮೇಲೆ ಎಣ್ಣೆಸ್ನಾನ ಬೇರೆ.

ಇನ್ನು ಕೆಲವರು ಜಾರುವುದೇ ಇಲ್ಲ. ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಮಲಗಿದ್ದಾಗ ಒಮ್ಮೆ ಬಿಪಿ ನೋಡಿ, ಎದ್ದು ನಿಂತ ಮೇಲೆ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡುತ್ತೇನೆ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಎಲ್ಲ ಒಟ್ಟಿಗೆ ತೆಗೆದುಕೊಳ್ಳುವವರಲ್ಲಿ ಇದನ್ನು ನೋಡುತ್ತಿರುತ್ತೇನೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಎಲ್ಲ ಚೀಟಿಗಳನ್ನೂ ಒಬ್ಬರೇ ಡಾಕ್ಟರ್ ಮುಂದೆ ಇಡಿ.

"ವಯಸ್ಸಾಯ್ತು, ಬೀಳೋದೇ ಅಲ್ವಾ" ಅನ್ನುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರು ಪ್ರಪಂಚದಲ್ಲಿ ವರ್ಷಕ್ಕೆ 6.84 ಲಕ್ಷ. ಕಾಲಿನ ಬಲ, ಬ್ಯಾಲೆನ್ಸ್ ಎರಡಕ್ಕೂ ವ್ಯಾಯಾಮ ಮಾಡಿದರೆ ಬೀಳುವುದು ಕಡಿಮೆ ಆಗುತ್ತದೆ. ನ್ಯೂಜಿಲೆಂಡಿನವರು ಇದಕ್ಕಾಗಿಯೇ ಮನೆಯಲ್ಲಿ ಮಾಡುವಂಥ ಒಟಾಗೊ ಅನ್ನುವ ಕ್ರಮ ರೂಪಿಸಿದರು. ನಾನು ಕಲಿಸುವುದು ಹೆಚ್ಚುಕಡಿಮೆ ಅದನ್ನೇ. ಕೈ ಊರದೆ ಕುರ್ಚಿಯಿಂದ ಏಳೋದು, ಕೂರೋದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು. ಕುಕ್ಕರ್ ಕೂಗುವ ತನಕ ಮಾಡಿ ಅಂದರೆ ಯಾರೂ ಮರೆಯುವುದಿಲ್ಲ. ನೆಟ್ಟಗೆ ಹಿಡಿತ ಇರೋ ಕಟ್ಟೆ ಹತ್ತಿರ ಮಾತ್ರ ಮಾಡಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಜೊತೆಗೆ ಒಬ್ಬರು ಇರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಡಾಕ್ಟರಿಗೋ ಫಿಸಿಯೋಥೆರಪಿಸ್ಟಿಗೋ ತೋರಿಸಿ.

ಬಿದ್ದವರನ್ನು ಕಂಡ ಕೂಡಲೇ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದ್ದರೆ ಸೊಂಟ ಮುರಿದಿರಬಹುದು, ಆಗ 108ಕ್ಕೆ ಫೋನ್ ಮಾಡಿ. ನೋವಿಲ್ಲ ಅಂದರೆ ಅವರೇ ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಗಟ್ಟಿ ಕುರ್ಚಿ ಹಿಡಿದು ನಿಧಾನಕ್ಕೆ ಏಳಲಿ.

ಬಚ್ಚಲ ಚಿಲಕದ ಬಗ್ಗೆ ಎಲ್ಲ ಮನೆಯಲ್ಲೂ ಜಗಳ ಆಗುತ್ತದೆ. ಒಳಗಿನಿಂದ ಚಿಲಕ ಹಾಕಿಕೊಂಡು ಬಿದ್ದರೆ ಬಾಗಿಲು ಒಡೆಯಬೇಕು. ಚಿಲಕ ಬೇಡ ಅಂದರೆ ಅಜ್ಜಂದಿರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯುವಂಥ ಲಾಕ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಾಕಿಸಿ.