ಆಲೆಮನೆಯ ಲೆಕ್ಕಕ್ಕೊಂದು ಇಎಕ್ಸ್‌ಇ

ಮಂಡ್ಯದ ಹತ್ತಿರ ನನ್ನ ಸೋದರಮಾವನ ಆಲೆಮನೆಯಿದೆ. ಕಬ್ಬಿನ ತೂಕ, ಅಚ್ಚುಬೆಲ್ಲದ ಲೆಕ್ಕ ಬರೆದಿಡಲು ಅವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೊಂದು ಪುಟ್ಟ ಸ್ಕ್ರಿಪ್ಟ್ ಮಾಡಿಕೊಟ್ಟಿದ್ದೇನೆ. ಅಲ್ಲಿರುವುದು ವಿಂಡೋಸ್ 7ರ ಹಳೆಯ ಕಂಪ್ಯೂಟರ್, ಪೈಥಾನ್ 3.9 ಅದರಲ್ಲಿ ಓಡುವುದಿಲ್ಲ. ಹಾಗಾಗಿ 3.8ನ್ನೇ ಬಳಸಿ, ಪೈಇನ್‌ಸ್ಟಾಲರ್ ಎಂಬ ಸಾಧನದಿಂದ ಇಎಕ್ಸ್‌ಇ (ವಿಂಡೋಸ್‌ನಲ್ಲಿ ನೇರವಾಗಿ ತೆರೆದು ಓಡಿಸಬಹುದಾದ ಕಡತ) ಕಟ್ಟಿದೆ, ಅದೂ ವಿಂಡೋಸ್‌ನಲ್ಲೇ. ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಕಟ್ಟಿದರೆ ಲಿನಕ್ಸ್‌ಗೆ ಮಾತ್ರ ಆಗುತ್ತದೆ.

ಒಂದೇ ಕಡತವಾಗಿ ಕಟ್ಟಿದರೆ ನೋಡಲು ಚೆಂದ, ನಿಜ. ಆದರೆ ತೆರೆದಾಗಲೆಲ್ಲ ಅದು ಇಂಟರ್‌ಪ್ರಿಟರ್ (ಪೈಥಾನ್ ಸ್ಕ್ರಿಪ್ಟನ್ನು ಓಡಿಸುವ ಪ್ರೋಗ್ರಾಂ), ಅದಕ್ಕೆ ಬೇಕಾದ ಸಿದ್ಧ ಕೋಡ್‌ನ ಲೈಬ್ರರಿಗಳನ್ನೆಲ್ಲ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡೇ ಶುರುವಾಗಬೇಕು. ಗಾಣದ ಮುಂದೆ ಗಾಡಿಗಳು ಸಾಲುಗಟ್ಟಿರುವಾಗ ಮಾವ ಏಕೆ ಕಾಯಬೇಕು? ಮುಚ್ಚಿದೊಡನೆ ಆ ಫೋಲ್ಡರ್ ಅಳಿಸಿಯೂ ಹೋಗುತ್ತದೆ. ಲೆಕ್ಕವನ್ನು ಅಲ್ಲಿ ಬರೆದರೆ ರೈತರ ದುಡಿಮೆಯ ದಾಖಲೆಯೇ ಮಾಯ! ಆದ್ದರಿಂದ ಫೋಲ್ಡರ್ ರೂಪದಲ್ಲೇ ಕಟ್ಟಿ, ಲೆಕ್ಕ ಬರೆಯುವ ಸಿಎಸ್‌ವಿ ಕಡತವನ್ನು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಟ್ಟಿ) ಇಎಕ್ಸ್‌ಇ ಪಕ್ಕದಲ್ಲೇ ಇರಿಸಿದ್ದೇನೆ. ಇನ್ನು ಬೆಲ್ಲದ ದರಕ್ಕೊಂದು ಕಾಲಂ ಸೇರಿಸಬೇಕು.